ಬೀದಿನಾಯಿಯಿಲ್ಲದ ಊರಿನಲ್ಲಿ ಭಾನುವಾರದ ಎಡೆ

ಅವ್ವನ ಮೈಯಲ್ಲಿ ಬೆಳಗಿನ ಇನ್ಸುಲಿನ್ ಇತ್ತು, ಹೊಟ್ಟೆಯಲ್ಲಿ ಒಂದು ತುತ್ತೂ ಇರಲಿಲ್ಲ, ಮತ್ತು ಅವಳು ಎಲ್ಲಿದ್ದಾಳೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದ ಆಗಸ್ಟ್‌ನ ಒಂದು ಭಾನುವಾರ, ಜರ್ಮನಿಯ ನಡುಭಾಗದ ಒಂದು ಸಣ್ಣ ಊರಿನಲ್ಲಿ, ಬೆಳಗ್ಗೆ ಹತ್ತು ದಾಟಿದ ಹೊತ್ತಿಗೆ ನಮ್ಮ ಸ್ಥಿತಿ ಇದು. ಊರಿನ ಹೆಸರು ಬರೆಯುವುದಿಲ್ಲ. ಆ ಊರು ನಮ್ಮ ಹೆಸರು ಕೇಳಲಿಲ್ಲ, ನಾನೂ ಅದರ ಹೆಸರು ಹೇಳುವುದಿಲ್ಲ.

ಮೈಲಾರಲಿಂಗನ ಒಕ್ಕಲಿನವರೇ, ನಿಮಗೆಲ್ಲ ಶರಣು. ಆದರೆ ಮುಂದೆ ಓದುವ ಮೊದಲು ಒಂದು ಮಾತು ತಿಳಿದಿರಲಿ. ನೀವು ಈ ಮಾಸಪತ್ರಿಕೆಯಲ್ಲಿ ಬರೆಯುವ ಅನುಭವಗಳನ್ನು ಅವ್ವ ನನಗೆ ಪ್ರತಿ ತಿಂಗಳೂ ಫೋನಿನಲ್ಲಿ ಓದಿ ಹೇಳುತ್ತಾಳೆ, ನಾನು ಅವುಗಳಲ್ಲಿ ತೂತು ಹುಡುಕುತ್ತೇನೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಓದಿದಷ್ಟು ವರ್ಷವೂ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ವೈದ್ಯರು ಕೈಬಿಟ್ಟರು ಎಂದು ಬರೆಯುತ್ತೀರಿ. ಎರಡನೆಯ ವೈದ್ಯರನ್ನು ಕೇಳಿದಿರಾ ಎಂಬುದನ್ನು ಬರೆಯುವುದಿಲ್ಲ. ಹರಕೆ ಹೊತ್ತು ಬದುಕಿದವರು ಬರೆಯುತ್ತಾರೆ, ಹರಕೆ ಹೊತ್ತೂ ಸತ್ತವರ ಮನೆಯಿಂದ ಯಾರೂ ಬರೆಯುವುದಿಲ್ಲ. ನಮ್ಮ ಅಪ್ಪನ ಬಗ್ಗೆ ಯಾರೂ ಬರೆಯಲಿಲ್ಲ. ಅವನಿಗಾಗಿ ಅವ್ವ ಹೊತ್ತ ಹರಕೆಗಳಿಗೆ ಲೆಕ್ಕವಿರಲಿಲ್ಲ. ಇದನ್ನು ನಾನು ಅವ್ವನಿಗೆ ಫೋನಿನಲ್ಲಿ ಹೇಳಿದ್ದೆ, ಈಗ ನಿಮಗೂ ಹೇಳಿದ್ದೇನೆ. ಇಷ್ಟಾದ ಮೇಲೂ ಬರೆಯುತ್ತಿದ್ದೇನೆ ಎಂದರೆ ಬರೆಯದೆ ಇರಲಾಗಲಿಲ್ಲ ಎಂದೇ ಅರ್ಥ.

ನಮ್ಮದು ರಾಣೆಬೆನ್ನೂರು. ಅಣ್ಣ ಬಸವರಾಜ ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಎಂಜಿನಿಯರ್. ಅತ್ತಿಗೆ ಸುಧಾ ಮೈಸೂರಿನವಳು. ಅವರ ಮಗಳು ಅನ್ವಿಗೆ ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ ಬರುತ್ತದೆ. ನಾನು ಗಂಗಾ, ಇಲ್ಲಿಯೇ ಯೇನಾ ಎಂಬ ಊರಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಅಣ್ಣ ಮೊದಲ ಸಲ ಇಲ್ಲಿಗೆ ಕರೆಸಿದ್ದ. ಅವಳಿಗೆ ದೇಶ ತೋರಿಸಬೇಕೆಂದು ದೊಡ್ಡದೊಂದು ಕ್ಯಾರವಾನ್ ಗಾಡಿಯನ್ನು ಬಾಡಿಗೆಗೆ ತಂದ. ಅದರಲ್ಲೇ ಮಲಗುವುದು, ಅದರಲ್ಲೇ ಅಡಿಗೆ, ಅದರಲ್ಲೇ ಜಗಳ. ಯೇನಾದಲ್ಲಿ ನನ್ನನ್ನು ಹತ್ತಿಸಿಕೊಂಡರು. ಕಲೋನ್ ದಾಟಿ ಸಮುದ್ರದವರೆಗೆ ಹೋಗಿ ಬರುವ ಯೋಜನೆ, ಹೆಚ್ಚುಕಡಿಮೆ ಅಣ್ಣನ ಇಡೀ ಬೇಸಿಗೆ ರಜೆ.

ಭಾನುವಾರ ಮೈಲಾರಲಿಂಗನ ವಾರ ಎಂದು ನಿಮಗೆ ಹೇಳಬೇಕಾಗಿಲ್ಲ. ನಾಯಿ ಅವನ ಪರಿವಾರ ಎಂದೂ ಹೇಳಬೇಕಾಗಿಲ್ಲ. ನಮ್ಮ ಮನೆಯ ನಡೆ ಹೀಗೆ: ಭಾನುವಾರ ಹೋಳಿಗೆ ಮಾಡಿ, ದೇವರಿಗೆ ಎಡೆ ತೋರಿಸಿ, ದೋಣಿ ಎಂದು ನಾವು ಕರೆಯುವ ಹಿತ್ತಾಳೆಯ ಬಟ್ಟಲಲ್ಲಿ ಒಂದು ಹೋಳಿಗೆ ಹಾಕಿ, ಮೇಲೆ ಭಂಡಾರದ ಅರಿಶಿನವನ್ನು ಚಿಟಿಕೆಯಷ್ಟು ಉದುರಿಸಿ, ಬಾಗಿಲ ಮುಂದೆ ಘೋಷ ಹಾಕಿ ನಾಯಿಗೆ ಇಡಬೇಕು. ನಾಯಿ ತಿಂದ ಮೇಲೆಯೇ ಮನೆಯ ಹಿರಿಯಳ ಊಟ. ರಾಣೆಬೆನ್ನೂರಿನಲ್ಲಿ ಇದು ಒಂದು ನಿಮಿಷದ ಕೆಲಸ. ನಮ್ಮ ಓಣಿಯ ನಾಯಿಗಳಿಗೆ ವಾರದ ದಿನಗಳು ಗೊತ್ತು. ನಾಯಿ ತಿನ್ನುತ್ತದೆ, ಅವ್ವ ಒಳಗೆ ಬಂದು ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾಳೆ, ಉಣ್ಣುತ್ತಾಳೆ. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ.

ಜರ್ಮನಿಯಲ್ಲಿ ಬೀದಿನಾಯಿ ಇಲ್ಲ. ಒಂದೂ ಇಲ್ಲ. ಇಲ್ಲಿ ಪ್ರತಿ ನಾಯಿಗೂ ಒಬ್ಬ ಯಜಮಾನ, ಒಂದು ವಿಮೆ, ಒಂದು ಪಥ್ಯ. ಹಿಂದಿನ ಭಾನುವಾರ ಒಂದು ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದಾಗ ಅವ್ವ ಪಕ್ಕದ ಗಾಡಿಯವರ ನಾಯಿಗೆ ಹೋಳಿಗೆ ಕೊಟ್ಟಳು. ನಾಯಿಯ ಯಜಮಾನ ಓಡಿಬಂದು ನಾಯಿಯ ಬಾಯಿಗೆ ಕೈಹಾಕಿ ಹೋಳಿಗೆ ಕಿತ್ತು, ವಿಷ ಹಾಕುತ್ತೀರಾ ಎಂದು ಅರಚಿದ. ಅವ್ವನಿಗೆ ಭಾಷೆ ತಿಳಿಯಲಿಲ್ಲ, ಮುಖ ತಿಳಿಯಿತು. ಅಂದು ಸಂಜೆಯೇ ನಮಗೆ ಅಲ್ಲಿಂದ ಹೊರಡಲು ಹೇಳಿದರು. ಇದಾದ ಮೇಲೆ ನಾನು ಅವ್ವನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ: ಇನ್ನು ಮುಂದೆ ನಾಯಿಯ ತಂಟೆ ಬೇಡ.

ಮುಂದಿನ ಭಾನುವಾರ ಬಂದಿತು. ನಾವು ಈ ಊರಿನ ಅಗ್ನಿಶಾಮಕ ಠಾಣೆಯ ಹಿಂದಿನ ಷ್ಟೆಲ್‌ಪ್ಲಾಟ್ಸ್‌ನಲ್ಲಿದ್ದೆವು. ಕ್ಯಾರವಾನ್ ನಿಲ್ಲಿಸಲೆಂದೇ ಗೆರೆ ಎಳೆದ ಜಾಗ ಅದು. ಅವ್ವ ನಸುಕಿನಲ್ಲೇ ಎದ್ದು ಆ ಪುಟ್ಟ ಒಲೆಯ ಮೇಲೆ ಹೂರಣ ಬೇಯಿಸಿ ಹೋಳಿಗೆ ಬೇಯಿಸಿದ್ದಳು. ಎಂಟಾಯಿತು. ಡಾಕ್ಟರು ಹೇಳಿದ ವೇಳೆಗೆ ಇಂಜೆಕ್ಷನ್ ಆಗಲೇಬೇಕೆಂದು ನಾನೇ ಪಟ್ಟು ಹಿಡಿದು ಚುಚ್ಚಿದೆ. ಚುಚ್ಚಿ, ತಟ್ಟೆ ಅವಳ ಮುಂದಿಟ್ಟೆ.

"ನಾಯಿಗಿ ಎಡಿ ಇಡದ ನಾ ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ," ಅಂದಳು ಅವ್ವ.

"ಇಲ್ಲಿ ನಾಯಿ ಅಂದ್ರ ಮಂದಿ ಮಕ್ಕಳಿದ್ದಂಗ, ಅವ್ವಾ. ಮಂದಿ ಮಕ್ಕಳ ಬಾಯಾಗ ಹೋಳಿಗಿ ತುರುಕ್ತೀಯೇನು?"

"ಮಕ್ಕಳಿಗೂ ಕೊಡ್ತೀನಿ. ಬ್ಯಾಡ ಅನ್ನವರು ಯಾರು?"

"ನಿನ್ನ ದೇವರಿಗೆ ಈ ದೇಶದಾಗ ವೀಸಾ ಇಲ್ಲ, ಬಿಡು."

"ನನಗ ಕೊಟ್ಟಾರಲ್ಲ. ನಾ ಬಂದಲ್ಲಿ ಅವ ಬರ್ತಾನ."

ಒಳ್ಳೆಯ ಉತ್ತರ. ಚರ್ಚಾಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಸೋಲುವುದು ನನಗೆ ಆಗಿಬರುವುದಿಲ್ಲ. ಅಪ್ಪನ ಸಲುವಾಗಿ ಎಷ್ಟು ನಾಯಿಗೆ ಎಡೆ ಇಟ್ಟಿದ್ದಿ, ಏನಾಯಿತು ಎಂದು ಕೇಳಿದೆ. ಅವ್ವ ಗಾಡಿಯ ಕಿಟಕಿಯತ್ತ ಮುಖ ತಿರುಗಿಸಿದಳು. ಅನ್ವಿ ಮೇಲಿನ ಹಾಸಿಗೆಯಿಂದ ಇಣುಕಿ ಜರ್ಮನ್‌ನಲ್ಲಿ, ದಯವಿಟ್ಟು ಕೂಗಾಡಬೇಡಿ ಎಂದಳು. ಸುಧಾ ಮಗಳನ್ನು ಎತ್ತಿಕೊಂಡು ಬೇಕರಿ ಮುಚ್ಚುವುದರೊಳಗೆ ಬ್ರೆಡ್ ತರುತ್ತೇನೆಂದು ಹೊರಟಳು. ಅಣ್ಣ ಗಾಡಿಯ ಶೌಚದ ಡಬ್ಬಿ ಖಾಲಿ ಮಾಡಲು ಹೋದ. ಇಬ್ಬರಿಗೂ ತಪ್ಪಿಸಿಕೊಳ್ಳಲು ಕಾರಣ ಸಿಕ್ಕಿತ್ತು.

ಅಷ್ಟರಲ್ಲಿ ಆ ಜಾಗವನ್ನು ನೋಡಿಕೊಳ್ಳುವ ಮುದುಕ ಬಂದು ಗಾಡಿಯ ಬಾಗಿಲು ತಟ್ಟಿದ. ನಮ್ಮ ಗಾಡಿಯಿಂದ ವಾಸನೆ ಬರುತ್ತಿದೆಯಂತೆ, ಉಳಿದವರಿಗೆ ತೊಂದರೆಯಂತೆ, ಇದು ಹೋಟೆಲ್ ಅಲ್ಲವಂತೆ. ಏಲಕ್ಕಿ ಮತ್ತು ಬೆಲ್ಲದ ವಾಸನೆ! ನಾನು ಕೆಳಗಿಳಿದೆ. ಪಕ್ಕದ ಗಾಡಿಯವನು ಹಿಂದಿನ ಸಂಜೆ ಹಂದಿಮಾಂಸ ಸುಟ್ಟಾಗ ಇವರ ಮೂಗು ಎಲ್ಲಿತ್ತು ಎಂದು ಕೇಳಿದೆ. ಅಡಿಗೆ ಮಾಡಬಾರದೆಂಬ ನಿಯಮ ಫಲಕದ ಮೇಲೆ ಎಲ್ಲಿದೆ, ತೋರಿಸಿ ಎಂದೆ. ಫಲಕದವರೆಗೂ ಅವನನ್ನು ಕರೆದೊಯ್ದು ಒಂದೊಂದು ಸಾಲನ್ನೂ ಓದಿಸಿದೆ. ಆ ವಾದದಲ್ಲಿ ನಾನು ಗೆದ್ದೆ. ಗೆದ್ದು ಗಾಡಿಗೆ ಬಂದಾಗ ತಟ್ಟೆ ಹಾಗೆಯೇ ಇತ್ತು, ಅವ್ವ ಇರಲಿಲ್ಲ. ಹಿತ್ತಾಳೆಯ ದೋಣಿ ಇರಲಿಲ್ಲ. ಭಂಡಾರದ ಚೀಲ ಇರಲಿಲ್ಲ. ಅವ್ವನ ಫೋನು ಮಾತ್ರ ಚಾರ್ಜಿಗೆ ಹಾಕಿದ್ದಲ್ಲೇ ಇತ್ತು.

ಅವಳು ಎಲ್ಲಿಗೆ ಹೋಗಿದ್ದಾಳೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಬೀದಿನಾಯಿಯಿಲ್ಲದ ಊರಿನಲ್ಲಿ ನಾಯಿ ಹುಡುಕಲು ಹೋಗಿದ್ದಳು.

ಇನ್ಸುಲಿನ್ ಬಗ್ಗೆ ತಿಳಿಯದವರಿಗೆ: ಚುಚ್ಚಿಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ತಿನ್ನು ಎಂದರೂ ಹಟ ಮಾಡುತ್ತಾರೆ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಅದರ ಆಚೆಗಿನದನ್ನು ಬರೆಯುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು.

ಅಣ್ಣ ಪೊಲೀಸರಿಗೆ ಫೋನ್ ಮಾಡಿದ. ಅವರು ಮರ್ಯಾದೆಯಿಂದಲೇ ಮಾತಾಡಿ, ಜಿಲ್ಲಾ ಕೇಂದ್ರದಿಂದ ಒಂದು ಗಾಡಿ ಬರುತ್ತದೆ, ಅಲ್ಲಿಯವರೆಗೆ ನೀವು ಹುಡುಕುತ್ತಿರಿ, ಸಿಕ್ಕ ಕೂಡಲೆ ಆಂಬುಲೆನ್ಸ್‌ಗೆ ಹೇಳಿ ಎಂದರು. ಸುಧಾ ಅನ್ವಿಯೊಂದಿಗೆ ಗಾಡಿಯಲ್ಲೇ ಉಳಿದಳು. ನಾನು ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಅತ್ತೆ ಹತ್ರ ಗೆದ್ದು ನಿಂಗೇನ್ ಸಿಗತ್ತೆ ಗಂಗಾ?" ಅದಕ್ಕೆ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ.

ಅಣ್ಣ ಚರ್ಚಿನ ಕಡೆಗೆ ಓಡಿದ, ನಾನು ಹಳ್ಳದ ಕಡೆಯ ಬೀದಿ ಹಿಡಿದೆ. ಫೋನಿನಲ್ಲಿ ಅವ್ವನ ಫೋಟೋ ತೆರೆದಿಟ್ಟುಕೊಂಡಿದ್ದೆ. ಹಸಿರು ಇಳಕಲ್ ಸೀರೆ, ಹಣೆಗೆ ಅರಿಶಿನದ ಭಂಡಾರ. ಆ ಊರಿನಲ್ಲಿ ಅಂಥ ಹೆಂಗಸು ನಡೆದುಹೋದರೆ ಕುರುಡರೂ ನೋಡಿಯಾರು ಎಂದುಕೊಂಡಿದ್ದೆ. ಆದರೆ ನೋಡಲು ಬೀದಿಯಲ್ಲಿ ಯಾರಾದರೂ ಇರಬೇಕಲ್ಲ? ಬೇಕರಿ ಮುಚ್ಚಿತ್ತು. ಐಸ್‌ಕ್ರೀಮ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಿಸಿಲಿಗೆ ಎಲ್ಲರೂ ಕಿಟಕಿಯ ರೋಲರ್‌ಗಳನ್ನು ಕೆಳಗೆಳೆದುಕೊಂಡು ಭಾನುವಾರವನ್ನು ಒಳಗೆ ಕೂಡಿಹಾಕಿದ್ದರು. ತೋಟಕ್ಕೆ ನೀರು ಬಿಡುತ್ತಿದ್ದ ದಂಪತಿಗಳು ನಾನು ಫೋನ್ ಚಾಚುವ ಮೊದಲೇ ನಾವೇನೂ ನೋಡಿಲ್ಲ ಎಂದರು. ಸೈಕಲ್ಲಿನವನೊಬ್ಬ ಫೋಟೋ ನೋಡಿ, ನಿರಾಶ್ರಿತರ ಶಿಬಿರ ಮುಂದಿನ ಊರಿನಲ್ಲಿದೆ ಎಂದು ದಾರಿ ತೋರಿಸಿದ. ಬೇರೆ ದಿನವಾಗಿದ್ದರೆ ಅವನನ್ನು ಸೈಕಲ್ಲಿನಿಂದ ಇಳಿಸಿ ನನ್ನ ವೀಸಾ, ನನ್ನ ಪ್ರಾಧ್ಯಾಪಕರು, ಅಣ್ಣ ಕಟ್ಟುವ ತೆರಿಗೆ ಎಲ್ಲದರ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಒಂದು ಮನೆಯ ಗಂಟೆ ಒತ್ತಿದೆ. ಗೋಡೆಯ ಸ್ಪೀಕರಿನಲ್ಲಿ ಒಂದು ದನಿ "ಜೋನ್‌ಟಾಗ್" ಎಂದಿತು. ಭಾನುವಾರ ಎಂದು ಅರ್ಥ. ಮುಂದಿನದು ಕಟ್ ಆಯಿತು.

ಬೀದಿಯ ಕೊನೆಯ ಮನೆಗೆ ಆಳೆತ್ತರದ ಹಸಿರು ಬೇಲಿ. ಗೇಟಿನ ಮೇಲೆ ನಾಯಿಯ ತಲೆಯ ಚಿತ್ರ, ಕೆಳಗೆ "ಇಲ್ಲಿ ಕಾವಲಿರುವವನು ನಾನು" ಎಂಬ ಬರಹ. ನಾಯಿಯಿರುವ ಮನೆ! ಗಂಟೆ ಒತ್ತಿದೆ, ಮತ್ತೆ ಒತ್ತಿದೆ. ಮನೆಯ ಹಿಂದೆಲ್ಲೋ ನಾಯಿ ಬೊಗಳುತ್ತಿತ್ತು. ಮೇಲಿನ ಕಿಟಕಿಯ ಪರದೆ ಅಲುಗಿತು. ಫೋಟೋವನ್ನು ಮೇಲಕ್ಕೆತ್ತಿ ಹಿಡಿದೆ. ಪರದೆ ತಿರುಗಿ ಮುಚ್ಚಿಕೊಂಡಿತು.

ಆ ಬೀದಿಯುದ್ದಕ್ಕೂ "ಅವ್ವಾ" ಎಂದು ಕೂಗಿದ್ದೆ. ಉತ್ತರವಿಲ್ಲ. ಅಣ್ಣನ ಫೋನ್ ಬಂತು, ಚರ್ಚಿನ ಕಡೆಯೂ ಇಲ್ಲ. ಅವನು ಫೋನಿನಲ್ಲೇ ಅಳುತ್ತಿದ್ದ. ಅಪ್ಪ ಹೋದಾಗಲೂ ಅತ್ತವನಲ್ಲ.

ಬೀದಿ ಮುಗಿದಲ್ಲಿ ಹಳ್ಳಕ್ಕೆ ಒಂದು ಕಲ್ಲಿನ ಸೇತುವೆ ಇತ್ತು. ಅದರ ಮೇಲೆ ನಿಂತೆ. ಇನ್ನು ಹುಡುಕಲು ಬೀದಿಯೇ ಇರಲಿಲ್ಲ. ಆಚೆಗೆ ಮೆಕ್ಕೆಜೋಳದ ಹೊಲ, ಅದರಾಚೆಗೆ ಕಾಡು. ಅವ್ವ ಅಷ್ಟು ದೂರ ನಡೆಯಲಾರಳು. ನಡೆದಿದ್ದರೆ ಅವಳನ್ನು ಹುಡುಕುವ ಹೊತ್ತಿಗೆ ಏನಾಗಿರುತ್ತದೆ ಎಂದು ಲೆಕ್ಕ ಹಾಕುವ ಬುದ್ಧಿ ನನಗಿತ್ತು. ಆ ಬುದ್ಧಿಯಿಂದ ಆಗುವ ಕೆಲಸ ಬೇರೇನೂ ಉಳಿದಿರಲಿಲ್ಲ.

ನಾನು ಕೈಮುಗಿಯಲಿಲ್ಲ. ಕಣ್ಣು ಮುಚ್ಚಲಿಲ್ಲ. ನಿಮ್ಮ ಅನುಭವಗಳಲ್ಲಿ ಬರುವ ಹಾಗೆ ಕಣ್ಣೀರಿಡುತ್ತಾ ಮೊರೆಯಿಡಲೂ ಇಲ್ಲ. ಬೈದೆ. ಹುಟ್ಟಿದಾಗಿನಿಂದ ಕೇಳಿದ ಆ ಹೆಸರು ಹಿಡಿದು, ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿ ಬೈದೆ. ಮೈಲಾರಲಿಂಗಾ, ಅಪ್ಪನ ವಿಷಯಕ್ಕೆ ನೀನು ಉತ್ತರ ಕೊಟ್ಟಿಲ್ಲ, ಅದು ಹಾಗೇ ಇರಲಿ. ಈಗಿನದು ಬೇರೆ ಪ್ರಶ್ನೆ. ಇವಳು ಹೋಗಿರುವುದು ನಿನ್ನ ಕೆಲಸಕ್ಕೆ. ನಿನ್ನ ನಾಯಿಗಾಗಿ ಉಪವಾಸವಿದ್ದಾಳೆ. ಇವಳಿಗೆ ಏನಾದರೂ ಆದರೆ ನನ್ನದೂ ನಿನ್ನದೂ ಇಬ್ಬರದೂ ಹೊಣೆ. ನನ್ನ ಪಾಲನ್ನು ನಾನು ಒಪ್ಪಿಕೊಳ್ಳುತ್ತೇನೆ. ನಿನ್ನ ಪಾಲಿನದನ್ನು ನೀನು ಮಾಡು. ಅವಳನ್ನು ತೋರಿಸು.

ನಮ್ಮ ಮನೆಯಲ್ಲಿ ದೇವರ ಮುಂದೆ ಏನೇ ಬೇಡಿದರೂ ಕೊನೆಗೆ ಘೋಷ ಹಾಕಬೇಕು. ಹಾಕದಿದ್ದರೆ ಬೇಡಿಕೆ ಅರ್ಧಕ್ಕೇ ನಿಂತ ಹಾಗೆ. ಅದೂ ಮೆಲ್ಲಗೆ ಹಾಕಿದರೆ ಲೆಕ್ಕಕ್ಕಿಲ್ಲ, ಓಣಿಯ ತುದಿಗೆ ಕೇಳಬೇಕು. ಅಪ್ಪ ಹಾಗೆ ಹಾಕುತ್ತಿದ್ದ. ಘೋಷಕ್ಕೆ ನಾನು ಬಾಯಿ ಬಿಟ್ಟದ್ದು ಕಾಲೇಜಿಗೆ ಸೇರಿದ ಮೇಲೆ ಅದೇ ಮೊದಲು. ಹೊಟ್ಟೆಯ ಬುಡದಿಂದ ಕೂಗಿದೆ:

"ಏಳುಕೋಟಿ ಏಳುಕೋಟಿ ಏಳುಕೋಟಿಗೋ..."

ಜರ್ಮನಿಯ ಭಾನುವಾರದಲ್ಲಿ ಹಾಗೆ ಕೂಗುವುದೆಂದರೆ ಏನೆಂದು ಇಲ್ಲಿದ್ದವರಿಗೆ ಗೊತ್ತು. ಇಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಾಟಲಿಯನ್ನು ಕಸದ ಡಬ್ಬಿಗೆ ಸದ್ದಾಗುವಂತೆ ಎಸೆಯುವಂತಿಲ್ಲ. ಅಷ್ಟು ಹೊತ್ತು ನನ್ನ ಗಂಟೆಗೆ, ನನ್ನ ಫೋಟೋಗೆ, ನನ್ನ "ಅವ್ವಾ"ಗೆ ಅಲುಗದಿದ್ದ ಬೀದಿ ಅಲುಗಿತು. ಒಂದೊಂದಾಗಿ ರೋಲರ್‌ಗಳು ಮೇಲಕ್ಕೆ ಹೋದವು. ಕಿಟಕಿಗಳಲ್ಲಿ ಮುಖಗಳು ಬಂದವು, ಒಂದರಲ್ಲೂ ದಯೆಯಿರಲಿಲ್ಲ. ನನಗೂ ಅವರ ಮೇಲೆ ಇರಲಿಲ್ಲ. ಇನ್ನೊಮ್ಮೆ ಕೂಗಿದೆ. ಕೊನೆಯ ಮನೆಯ ಗೇಟು ಧಡಾರನೆ ತೆರೆಯಿತು.

ಬಂದವಳು ಬಿಳಿ ಕೂದಲಿನ, ಗಟ್ಟಿಮುಟ್ಟಾದ ಹೆಂಗಸು. ತೋಟದ ರಬ್ಬರ್ ಚಪ್ಪಲಿಯಲ್ಲೇ ಸೇತುವೆಯವರೆಗೆ ನಡೆದುಬಂದಳು. ಅವಳಾಡಿದ ಜರ್ಮನ್ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ಬೆಳಗಿನಿಂದ ಇದು ಎರಡನೆಯ ಸಲ. ಅಲ್ಲಿ, ಹಿಂದಿನ ಬೇಲಿಯಾಚೆ ಯಾರೋ ಇದನ್ನೇ ಅರಚಿ ನನ್ನ ಬ್ರೂನೋಗೆ ಹುಚ್ಚು ಹಿಡಿಸಿದರು. ಹೋಗಿ ಅಂತ ಬೈದೆ. ಅವನು ಇನ್ನೂ ಬೊಗಳುತ್ತಲೇ ಇದ್ದಾನೆ. ಇದೇ ಕೂಗು. ಇದೇ. ಈಗ ನೀವು. ಪೊಲೀಸರನ್ನು ಕರೆಯುತ್ತೇನೆ."

"ಕರೆಯಿರಿ," ಎಂದೆ. "ಮೊದಲು ಯಾವ ಬೇಲಿ ತೋರಿಸಿ."

ಅವಳು ಅವ್ವನನ್ನು ನೋಡಿರಲೇ ಇಲ್ಲ. ಬೇಲಿ ಅಷ್ಟೆತ್ತರ. ಫೋಟೋ ತೋರಿಸಿ ಸಾಯುವವರೆಗೂ ಕೇಳಿದ್ದರೂ ಅವಳು ನೋಡಿಲ್ಲ ಎಂದೇ ಹೇಳುತ್ತಿದ್ದಳು, ಅದು ನಿಜವೂ ಆಗಿರುತ್ತಿತ್ತು. ಅವ್ವನಿಂದ ಅವಳಿಗೆ ತಲುಪಿದ್ದು ಒಂದೇ ವಸ್ತು, ಆ ಘೋಷ. ಇಡೀ ಊರಿನಲ್ಲಿ ನನ್ನ ಅವ್ವ ಎಲ್ಲಿದ್ದಾಳೆಂದು ಬಲ್ಲ ಒಬ್ಬಳೇ ಒಬ್ಬ ಹೆಂಗಸಿಗೆ, ತಾನು ಬಲ್ಲೆ ಎಂಬುದು ಗೊತ್ತಿರಲಿಲ್ಲ. ಅವಳ ಬಾಯಿ ಬಿಡಿಸುವ ಶಬ್ದ ಇದೊಂದನ್ನು ಬಿಟ್ಟು ಬೇರೆ ಇರಲಿಲ್ಲ.

ಸೇತುವೆಯ ಕೆಳಗೆ, ಹಳ್ಳ ಮತ್ತು ಬೇಲಿಯ ನಡುವೆ, ತುರಿಕೆ ಗಿಡಗಳು ಬೆಳೆದು ಮುಚ್ಚಿದ ಒಂದು ಕಾಲುದಾರಿ ಇತ್ತು. ನಾನು ಅದನ್ನು ದಾರಿ ಎಂದೇ ಎಣಿಸಿರಲಿಲ್ಲ. ಓಡಿದೆ. ಬೇಲಿ ಮುಗಿದು ತಂತಿಯ ಜಾಲರಿ ಶುರುವಾಗುವಲ್ಲಿ, ಜಾಲರಿಗೆ ಒರಗಿ ಅವ್ವ ಕೂತಿದ್ದಳು. ಸೀರೆ ಬೆವರಿಗೆ ತೊಯ್ದು ಮೈಗಂಟಿತ್ತು, ತಲೆ ಒಂದು ಕಡೆ ವಾಲಿತ್ತು. ಮಡಿಲಲ್ಲಿ ದೋಣಿ, ದೋಣಿಯಲ್ಲಿ ಮುರಿಯದ ಹೋಳಿಗೆ. ಜಾಲರಿಯ ಆಚೆ ಕಪ್ಪು ಬೆನ್ನಿನ ದೊಡ್ಡ ನಾಯಿ ಗಂಟಲು ಒಡೆಯುವಂತೆ ಬೊಗಳುತ್ತಿತ್ತು. ಜಾಲರಿಯ ಕಣ್ಣು ಸಣ್ಣದು, ಹೋಳಿಗೆ ತೂರುವುದಿಲ್ಲ. ಅಲ್ಲಿಯವರೆಗೆ ಬಂದು, ಘೋಷವನ್ನೂ ಹಾಕಿ, ನಾಯಿಗೆ ತಲುಪಿಸಲಾರದೆ ಕೂತುಬಿಟ್ಟಿದ್ದಳು. ಸಕ್ಕರೆ ಇಳಿದು ಸಾಯುತ್ತಿದ್ದ ಹೆಂಗಸಿನ ಮಡಿಲಲ್ಲಿ ಬೆಲ್ಲದ ಹೋಳಿಗೆ ಇತ್ತು, ಮತ್ತು ಅದು ಅವಳದಾಗಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಲು ಹೇಳಿದೆ. ಹೋಳಿಗೆ ಮುರಿದು ಅವಳ ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡಳು. ಮುಖ ತಿರುಗಿಸಿದಳು.

"ನಾಯಿಗಿ," ಅಂದಳು. ನಾಲಿಗೆ ದಪ್ಪವಾಗಿತ್ತು.

"ನಾಯಿ ತಿಂತು ಅವ್ವಾ. ಬಾಯಿ ತಗಿ."

"ಸುಳ್ಳ ಹೇಳ್ತಿ ಗಂಗಿ."

ಪ್ರಜ್ಞೆ ಹೋಗುವ ಅಂಚಿನಲ್ಲೂ ನನ್ನನ್ನು ಹಿಡಿದುಬಿಟ್ಟಳು. ಇದು ಸಕ್ಕರೆ ಇಳಿದವರ ಹಟ ಎಂದು ನನಗೆ ಗೊತ್ತು. ಆದರೆ ಅವಳು ಸಕ್ಕರೆ ಸರಿಯಿದ್ದಾಗಲೂ ಬೆಳಗ್ಗೆ ಇದೇ ಮಾತನ್ನೇ ಆಡಿದ್ದಳು. ಬಲವಂತದಿಂದ ತುರುಕಿದರೆ ಉಸಿರಿಗೆ ಸಿಕ್ಕೀತು. ಬಾಯಿ ತೆರೆಸುವ ಯುಕ್ತಿ ನನಗೆ ಹೊಳೆಯಲಿಲ್ಲ. ಮುರಿದದ್ದನ್ನು ತಿರುಗಿ ದೋಣಿಗೆ ಹಾಕಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತೆ.

ಆಗ ಆ ಹೆಂಗಸು ಜಾಲರಿಯ ಕಡೆಯ ಸಣ್ಣ ಬಾಗಿಲು ತೆರೆದು ಬಂದಳು. ನಮ್ಮನ್ನು ಹೊರಗಟ್ಟಲೆಂದೇ ಬಂದವಳು, ನಾಯಿಯ ಪಟ್ಟಿಯನ್ನು ಕೈಯಲ್ಲಿ ಸುತ್ತಿಕೊಂಡಿದ್ದಳು. ಅವ್ವನ ಮುಖ ನೋಡಿ ಅವಳ ಬೈಗುಳ ಅರ್ಧಕ್ಕೆ ನಿಂತಿತು. ಬಹುಶಃ ಕೈಯೂ ಸಡಿಲವಾಯಿತು. ಬ್ರೂನೋ ಒಂದೇ ನೆಗೆತಕ್ಕೆ ಬಂದು ದೋಣಿಗೆ ಮೂತಿ ಹಾಕಿದ. ಭಂಡಾರ ಸಮೇತ, ಹೋಳಿಗೆ ಎರಡು ಬಾರಿಗೆ ಮಾಯವಾಯಿತು. ಆಮೇಲೆ ದೋಣಿಯನ್ನು ನೆಕ್ಕತೊಡಗಿದ. ಹಿತ್ತಾಳೆ ಅವ್ವನ ಬಳೆಗೆ ಬಡಿದು ಸದ್ದಾಗುತ್ತಿತ್ತು.

ಅವ್ವ ಆ ಸದ್ದನ್ನು ಕೇಳಿದಳು. ಕಣ್ಣು ತೆರೆಯಲಿಲ್ಲ. ಬಾಯಿ ತೆರೆದಳು.

ಹೆಂಗಸು ಹುಚ್ಚಿಯಂತೆ ಪಟ್ಟಿ ಎಳೆಯುತ್ತಿದ್ದಳು. ಬ್ರೂನೋಗೆ ಪಥ್ಯವಿದೆ, ಅದರಲ್ಲಿ ಏನು ಹಾಕಿದ್ದೀರಿ, ಹೋದ ವರ್ಷ ಇದೇ ಬೇಲಿಯಿಂದ ಯಾರೋ ವಿಷದ ತುಂಡು ಎಸೆದು ಇವನಿಗಿಂತ ಮುಂಚಿನವನನ್ನು ಕೊಂದರು ಎಂದು ಕೂಗುತ್ತಿದ್ದಳು. ಸಕ್ಕರೆ, ಸಕ್ಕರೆ ಬೇಕು, ಡಯಾಬಿಟಿಸ್ ಎಂದು ನಾನೂ ಕೂಗಿದೆ. ಅವಳು ಬೈಗುಳ ನಿಲ್ಲಿಸಲಿಲ್ಲ. ಬೈಯುತ್ತಲೇ ಒಳಗೆ ಹೋಗಿ, ಬೈಯುತ್ತಲೇ ಸೇಬಿನ ರಸದ ಬಾಟಲಿ ತಂದು, ಮುಚ್ಚಳ ತಾನೇ ತೆರೆದು ನನ್ನ ಕೈಗೆ ತುರುಕಿದಳು. ಅವ್ವ ಗುಟುಕು ಗುಟುಕಾಗಿ ಕುಡಿದಳು. ಅಣ್ಣ ಬಂದ, ಆಂಬುಲೆನ್ಸ್ ಬಂತು. ಬೆರಳು ಚುಚ್ಚಿ ಯಂತ್ರ ನೋಡಿದವನು ಅಂಕಿಯನ್ನು ಬಾಯಿಬಿಟ್ಟು ಹೇಳದೆ ಜೊತೆಗಾರನಿಗೆ ತೋರಿಸಿದ. ಇಷ್ಟು ಕುಡಿದ ಮೇಲೆ ಇಷ್ಟಿದ್ದರೆ, ಎಂದ ಅವನು.

ಅವ್ವನನ್ನು ಎತ್ತಿಕೊಳ್ಳುವಾಗ ಆ ಹೆಂಗಸು ಅಣ್ಣನನ್ನು ತಡೆದು, ನಾಯಿಯ ಡಾಕ್ಟರಿಗೆ ತೋರಿಸಲು ಹೋಳಿಗೆಯಲ್ಲಿ ಏನೇನಿತ್ತು ಹೇಳಿ ಎಂದು ಹಟ ಹಿಡಿದಳು. ನಮ್ಮಣ್ಣ ಕಣ್ಣೊರೆಸಿಕೊಳ್ಳುತ್ತಾ ಕಡಲೆಬೇಳೆ, ಬೆಲ್ಲ, ಮೈದಾ, ಏಲಕ್ಕಿ, ಅರಿಶಿನ ಎಂದು ಒಂದೊಂದನ್ನೂ ಜರ್ಮನ್‌ನಲ್ಲಿ ಒಪ್ಪಿಸಿದ. ಅವಳು ಕೊನೆಯವರೆಗೂ ನಗಲಿಲ್ಲ. ಬೇಗ ಗುಣವಾಗಲಿ ಎನ್ನಲೂ ಇಲ್ಲ. ಬಾಟಲಿ ವಾಪಸ್ ಕೇಳಿದಳು.

ಆ ರಾತ್ರಿ ಅವ್ವ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿದ್ದಳು. ಇಂಜೆಕ್ಷನ್ ತೆಗೆದುಕೊಂಡೂ ಏಕೆ ತಿನ್ನಲಿಲ್ಲ ಎಂದು ಕೇಳಿದ ಡಾಕ್ಟರಿಗೆ ಅಣ್ಣ, ನಾಯಿ ಇನ್ನೂ ತಿಂದಿರಲಿಲ್ಲ ಎಂದು ಹೇಳಿದ. ಅವನ ಜರ್ಮನ್ ಕೈಕೊಟ್ಟಿದೆ ಎಂದುಕೊಂಡು ಡಾಕ್ಟರು ಅದೇ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಕೇಳಿದರು. ಉತ್ತರ ಬದಲಾಗಲಿಲ್ಲ. ಬೆಳಗ್ಗೆ ನಾನು ಮಂಚದ ಪಕ್ಕ ಕೂತಿದ್ದಾಗ ಅವ್ವ, ನೀ ಕೂಗಿದ್ದು ಕೇಳಿದ್ದೆ ಎಂದಳು. "ನಿಮ್ಮಪ್ಪ ಬಂದ್ನೇನೋ ಅನ್ಕೊಂಡೆ. ಅವನದ ದನಿ ನಿಂದು."

ಕಲೋನ್‌ನಲ್ಲಿ ನನ್ನ ಹಳೆಯ ಚರ್ಚಾತಂಡದ ಸಮೀರ್ ಸಿಕ್ಕ. ಅವನು ಈಗ ಅಲ್ಲಿ ಕೆಲಸದಲ್ಲಿದ್ದಾನೆ. ಕಥೆಯನ್ನೆಲ್ಲ ಕೇಳಿ, ನಾನೇ ಅವನ ಜಾಗದಲ್ಲಿದ್ದರೆ ಕೇಳುತ್ತಿದ್ದುದನ್ನೇ ಕೇಳಿದ: "ನೀ ಕೂಗಿದಿ, ಆಕಿ ಕೇಳಿದ್ಲು. ಇದರಾಗ ದೇವರು ಎಲ್ಲಿ ಬಂದ ಮಗಾ?"

"ನಾ ಯಾಕ ಕೂಗಿದೆ, ಹೇಳು," ಎಂದೆ.

"ಹೆದರಿದ್ದಿ."

"ಹೆದರಿದವಳು ಅವ್ವಾ ಅಂತ ಕೂಗಬೇಕಲ್ಲ. ಅದನ್ನ ಕೂಗಿ ಕೂಗಿ ಸಾಕಾಗಿತ್ತು."

ಅವನು ಕಾಕತಾಳೀಯ ಎಂದ. ಸರಿ. ಕೊಂಡಿ ಕೊಂಡಿಯನ್ನೂ ಬಿಚ್ಚಿ ಅವನಿಗಿಂತ ಚೆನ್ನಾಗಿ ನಾನೇ ವಿವರಿಸಬಲ್ಲೆ. ಶಬ್ದ ಬೇಲಿ ದಾಟುತ್ತದೆ, ಮುಖ ದಾಟುವುದಿಲ್ಲ. ಸಿಟ್ಟಾದವರು ಬಾಗಿಲು ತೆರೆಯುತ್ತಾರೆ. ನಾಯಿಗೆ ಬೆಲ್ಲ ಇಷ್ಟ. ಎಲ್ಲ ಒಪ್ಪಿದೆ. ಆದರೆ ನಾನು ಬುದ್ಧಿಯಿಂದ ಮಾಡಿದ ಪ್ರತಿಯೊಂದು ಕೆಲಸವೂ ಆ ದಿನ ಅವ್ವನನ್ನು ಸಾವಿಗೆ ಹತ್ತಿರ ಮಾಡಿತು. ಬುದ್ಧಿ ಮುಗಿದಲ್ಲಿ ಬಾಯಿಂದ ಬಂದ ಒಂದೇ ಒಂದು ಕೂಗು ಅವಳ ಬಳಿಗೆ ಕರೆದೊಯ್ದಿತು. ಬೇಡಿದ್ದು ಏನು? ಅವಳನ್ನು ತೋರಿಸು ಎಂದು. ಬೇಡಿ ಬಾಯಿ ಮುಚ್ಚುವುದರೊಳಗೆ ತೋರಿಸಿದ. ಎದುರಾಳಿ ಇಷ್ಟು ನೇರವಾಗಿ ಉತ್ತರ ಕೊಟ್ಟಾಗ ಕೊಟ್ಟಿಲ್ಲ ಎನ್ನುವುದು ವಾದವಲ್ಲ, ಮೋಸ. ನಾನು ಜಗಳಗಂಟಿ, ಮೋಸಗಾತಿಯಲ್ಲ.

ಒಕ್ಕಲಿನವರೇ, ನಿಮಗೂ ಒಂದು ಮಾತು ಇದೆ. ದೇವರು ಸಜ್ಜನರ ರೂಪದಲ್ಲಿ ಬಂದ ಎಂದು ಬರೆಯುವ ಚಾಳಿ ಬಿಡಿ. ನನ್ನ ಪಾಲಿಗೆ ಬಂದದ್ದು ನಮ್ಮನ್ನು ಕಂಡರಾಗದ ಹೆಂಗಸಿನ ಸಿಟ್ಟು. ಅವಳು ಶಾಂತಸ್ವಭಾವದವಳಾಗಿದ್ದರೆ ನನ್ನ ಅವ್ವ ಇವತ್ತು ಇರುತ್ತಿರಲಿಲ್ಲ. ಇನ್ನು ಅಪ್ಪನನ್ನು ಏಕೆ ಉಳಿಸಲಿಲ್ಲ ಎಂಬ ಪ್ರಶ್ನೆಯನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಮೊದಲು ಅದನ್ನು ಖಾಲಿ ಕುರ್ಚಿಗೆ ಕೇಳುತ್ತಿದ್ದೆ. ಈಗ ಕುರ್ಚಿಯಲ್ಲಿ ಒಬ್ಬನಿದ್ದಾನೆ ಎಂದು ಗೊತ್ತು. ಪ್ರತಿ ಭಾನುವಾರ ಕೇಳುತ್ತೇನೆ.

ಮುಂದಿನ ಭಾನುವಾರ ನಾವು ಮೋಸೆಲ್ ನದಿಯ ದಂಡೆಯಲ್ಲಿದ್ದೆವು. ಇಂಜೆಕ್ಷನ್ ಇನ್ನೂ ಡಬ್ಬಿಯಲ್ಲೇ ಇತ್ತು. ಮೊದಲು ನಾಯಿ, ಆಮೇಲೆ ಸೂಜಿ, ಆಮೇಲೆ ಊಟ. ದೋಣಿಯನ್ನು ನಾನು ಹಿಡಿದಿದ್ದೆ, ಅವ್ವ ನನ್ನ ಹಿಂದೆ ನಿಂತಿದ್ದಳು. ಕಂದು ನಾಯಿಯೊಂದನ್ನು ಹಿಡಿದು ಬರುತ್ತಿದ್ದ ಒಬ್ಬನನ್ನು ತಡೆದು, ನಿಮ್ಮ ನಾಯಿಗೆ ಇದನ್ನು ಕೊಡಬಹುದೇ ಎಂದು ಕೇಳಿದೆ. ಇಲ್ಲ ಎಂದ. ಏಕೆ ಎಂದೆ. ಅಪರಿಚಿತರು ಕೊಟ್ಟದ್ದನ್ನು ಅವನು ತಿನ್ನುವುದಿಲ್ಲ ಎಂದ. ಹಾಗಾದರೆ ಪರಿಚಯ ಮಾಡಿಕೊಳ್ಳೋಣ ಎಂದು ಹೋಳಿಗೆಯ ತುಂಡೊಂದನ್ನು ಅವನಿಗೇ ಕೊಟ್ಟೆ. ಬಾಯಿಗೆ ಹಾಕಿಕೊಂಡ, ಅಗಿದು ನುಂಗಿದ, ಪಟ್ಟಿ ಸಡಿಲ ಮಾಡಿದ.

ನಾಯಿ ತಿನ್ನುವಾಗ ನಾನು ಘೋಷ ಹಾಕಿದೆ, ಮೆಲ್ಲಗೆ. ಭಾನುವಾರವಲ್ಲವೇ. ಅವ್ವ ಬಾಯಿ ಬಿಗಿದು ನಿಂತಳು, ಇದು ನಡೆಯುವುದಿಲ್ಲ ಎಂಬಂತೆ. ನಾನು ಉಸಿರೆಳೆದುಕೊಂಡೆ. ನದಿಯಾಚೆಯ ದ್ರಾಕ್ಷಿ ತೋಟಕ್ಕೆ ಕೇಳುವಂತೆ ಇನ್ನೊಮ್ಮೆ ಹಾಕಿದೆ. ಆಗ ಅವ್ವ ದನಿಗೂಡಿಸಿದಳು. ಸಾಲಾಗಿ ನಿಂತಿದ್ದ ಗಾಡಿಗಳ ಕಿಟಕಿಗಳು ಒಂದೊಂದಾಗಿ ತೆರೆದವು.